ದೊರೆ ಹುಲ್ಲು ಬಿಟ್ಟ ಮೂರು ವಾರ

ದೊರೆ ಸೊರಗುತ್ತಿದೆ ಎಂಬುದು ಕನ್ನಡಕದ ಅಂಗಡಿಯಲ್ಲಿ ದುಡಿಯುತ್ತಿದ್ದವಳಿಗೆ ಖಚಿತವಾದದ್ದು ಅಡುಗೆಮನೆಯ ತಕ್ಕಡಿಯಿಂದ. ತಕ್ಕಡಿಯ ಮೇಲೆ ಬಟ್ಟಲಿಟ್ಟು, ಬಟ್ಟಲಲ್ಲಿ ಅದನ್ನು ಕೂರಿಸಿ, ಅದು ಹೊರಕ್ಕೆ ಹಾರುವ ಮುಂಚೆ ಅಂಕಿ ಓದಿದಳು. ಐನೂರ ಇಪ್ಪತ್ತು ಗ್ರಾಂ. ಹಿಂದಿನ ತಿಂಗಳು ಐನೂರ ಅರವತ್ತಿತ್ತು. ಪಂಜರದ ಮೂಲೆಯಲ್ಲಿ ಮೊನ್ನೆ ಇಟ್ಟ ಒಣಹುಲ್ಲು ಇಟ್ಟ ಹಾಗೆಯೇ ಬಿದ್ದಿತ್ತು.

ದೊರೆ ಒಂದು ಚಿಂಚಿಲಾ. ಅಳಿಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು, ಬೂದಿ ಬಣ್ಣದ ದಟ್ಟ ರೋಮದ ಉಂಡೆ. ಊರು ಬಿಟ್ಟು ಹೋಗುತ್ತಿದ್ದ ಗಿರಾಕಿಯೊಬ್ಬರು ಎರಡು ವರ್ಷದ ಹಿಂದೆ ಪಂಜರಸಮೇತ ಅದನ್ನು ಅವಳಿಗೆ ಒಪ್ಪಿಸಿದ್ದರು. ಊಟದ ವಿಷಯದಲ್ಲಿ ಅದರ ಗತ್ತು ನೋಡಿ ಅವಳ ಗಂಡ ಆ ಹೆಸರಿಟ್ಟ. ಗಂಡ ಲಾರಿ ಓಡಿಸುತ್ತಿದ್ದ. ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅವಳು ಬೆಳಗ್ಗೆ ಒಂಬತ್ತಕ್ಕೆ ಕನ್ನಡಕದ ಅಂಗಡಿಗೆ ಹೋಗಿ, ಹಿಂದಿನ ಕೋಣೆಯಲ್ಲಿ ಕೂತು, ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸಿ, ಸಂಜೆ ಆರಕ್ಕೆ ಮರಳುತ್ತಿದ್ದಳು. ಅಷ್ಟು ಹೊತ್ತೂ ಮನೆಯಲ್ಲಿ ಇರುತ್ತಿದ್ದವರು ಇಬ್ಬರೇ. ದೊರೆ ಮತ್ತು ಅತ್ತೆ.

ಅನುಮಾನ ಅಲ್ಲಿಂದಲೇ ಶುರುವಾಯಿತು.

ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಒಂದು ಡಬ್ಬಿ ಒಣದ್ರಾಕ್ಷಿ ಇತ್ತು. ಅತ್ತೆಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಮಗ ಮನೆಯಿಂದ ಸಿಹಿಯೆಂಬುದನ್ನೆಲ್ಲ ಓಡಿಸಿದ್ದ. ಉಳಿದದ್ದು ಇದೊಂದೇ, ಅದೂ ದೊರೆಗೆಂದು. ವಾರಕ್ಕೊಂದು ಹಣ್ಣು, ಅದಕ್ಕಿಂತ ಹೆಚ್ಚು ಕೊಟ್ಟರೆ ಹೊಟ್ಟೆ ಕೆಡುತ್ತದೆ, ಸಿಹಿಯ ರುಚಿ ಹತ್ತಿದ ಮೇಲೆ ಹುಲ್ಲಿನ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಹಳೆಯ ಯಜಮಾನರು ಹೇಳಿದ್ದರು. ಆ ದಿನ ಅವಳು ಡಬ್ಬಿ ಇಳಿಸಿ ನೋಡಿದಳು. ಕುತ್ತಿಗೆವರೆಗೆ ಇದ್ದದ್ದು ಅರ್ಧಕ್ಕಿಳಿದಿತ್ತು.

ಅತ್ತೆಯನ್ನು ಕೇಳಲಿಲ್ಲ. ಕೇಳಿದರೆ ಎಚ್ಚರವಾಗಿಬಿಡುತ್ತಾರೆ ಅನಿಸಿತು.

ಮರುದಿನ ಅರ್ಧ ದಿನ ರಜೆ ಹಾಕಿ ದೊರೆಯನ್ನು ಪ್ರಾಣಿಗಳ ಡಾಕ್ಟರಮ್ಮನ ಬಳಿ ಒಯ್ದಳು. ಅವರು ಅದರ ತುಟಿ ಸರಿಸಿ, ಸಣ್ಣ ಟಾರ್ಚ್ ಹಿಡಿದು ದವಡೆಯ ಒಳಗೆಲ್ಲ ನೋಡಿದರು. ಚಿಂಚಿಲಾದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದೇ ಸವೆಯಬೇಕು ಎಂದು ವಿವರಿಸಿದರು. ಸದ್ಯಕ್ಕೆ ಹಲ್ಲು ಚೆನ್ನಾಗಿದೆ, ಕರುಳಿನ ಸದ್ದೂ ಇದೆ, ಆದರೆ ಹೀಗೇ ಬಿಟ್ಟರೆ ಎರಡೂ ಕೆಡುತ್ತವೆ. ಪೆಲೆಟ್ ಎಂಬ ಒತ್ತಿದ ಕಾಳನ್ನು ದಿನಕ್ಕೆ ಎರಡು ಚಮಚಕ್ಕೆ ಇಳಿಸಿ, ಹುಲ್ಲನ್ನು ಬೆಳಗ್ಗೆ ಸಂಜೆ ಹೊಸದಾಗಿ ಇಡಿ, ರಟ್ಟಿನ ಕೊಳವೆಯಲ್ಲಿ ತುರುಕಿ ಕೊಡಿ, ಎತ್ತರದಲ್ಲಿ ಕಟ್ಟಿ, ಕೈಯಿಂದ ಒಂದೊಂದೇ ಎಸಳು ಹಿಡಿದು ನೋಡಿ ಎಂದರು. ಕೊನೆಗೆ, ಬರೆಯುವುದನ್ನು ನಿಲ್ಲಿಸಿ ಕೇಳಿದರು:

"ಮನೇಲಿ ಇತ್ತೀಚೆಗೆ ಏನಾದರೂ ಬದಲಾಗಿದೆಯಾ? ಹುಲ್ಲು, ಪಂಜರ, ಜಾಗ?"

"ಏನೂ ಬದಲಾಗಿಲ್ಲ ಡಾಕ್ಟ್ರೇ," ಎಂದಳು ಅವಳು. "ನಾನಿಲ್ಲದಾಗ ಯಾರೋ ಕದ್ದು ಸಿಹಿ ತಿನ್ನಿಸ್ತಿದ್ದಾರೆ."

ಡಾಕ್ಟರಮ್ಮ ಅವಳ ಮುಖವನ್ನೊಮ್ಮೆ ನೋಡಿ, ಹಾಗಿದ್ದರೆ ಅದನ್ನು ಮೊದಲು ನಿಲ್ಲಿಸಿ ಎಂದರು.

ಅಂದಿನಿಂದ ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದಳು. ರಟ್ಟಿನ ಕೊಳವೆಗೆ ಹುಲ್ಲು ತುರುಕಿದಳು. ದೊರೆ ರಟ್ಟನ್ನು ಕಡಿದು ಹುಲ್ಲನ್ನು ಆಚೆ ತಳ್ಳಿತು. ಪಂಜರದ ಛಾವಣಿಗೆ ಕಟ್ಟಿ ತೂಗಿಬಿಟ್ಟಳು. ಅದು ಹಿಂಗಾಲ ಮೇಲೆ ನಿಂತು ಮೂಸಿ, ಸೀನಿ, ಬೆನ್ನು ತಿರುಗಿಸಿ ಕೂತಿತು. ಇದೆಲ್ಲದರ ನಡುವೆ ದಿನಾ ಬೆಳಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ಒಣದ್ರಾಕ್ಷಿ ಎಣಿಸುತ್ತಿದ್ದಳು. ಸೋಮವಾರ ನಲವತ್ತೊಂದು. ಮಂಗಳವಾರ ಮೂವತ್ತೈದು. ಬುಧವಾರ ಮುಚ್ಚಳಕ್ಕೂ ಡಬ್ಬಿಗೂ ಸೇರಿಸಿ ತನ್ನದೊಂದು ಕೂದಲೆಳೆ ಅಂಟಿಸಿಟ್ಟಳು. ಸಂಜೆ ಕೂದಲು ಇರಲಿಲ್ಲ.

ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದರೂ ಕಣ್ಣೆದುರು ಅತ್ತೆಯ ಕೈಯೇ. ಒಂದು ದಿನ ಗಿರಾಕಿಯೊಬ್ಬರ ಎಡಗಣ್ಣಿನ ಗಾಜನ್ನು ಬಲಗಡೆಗೆ ಕೂರಿಸಿ ಮಾಲೀಕರಿಂದ ಬೈಸಿಕೊಂಡಳು. ಅತ್ತೆಗೆ ಮೊದಲಿನಿಂದಲೂ ಈ ಪ್ರಾಣಿ ಬೇಡವಾಗಿತ್ತಲ್ಲವೇ ಎಂದು ನೆನೆದಳು. ಹುಲ್ಲಿನ ಧೂಳಿಗೆ ಕೆಮ್ಮು ಬರುತ್ತದೆ ಎಂದು ಅವರು ಪಂಜರದಿಂದ ಮಾರುದೂರ ಕುರ್ಚಿ ಹಾಕಿಕೊಳ್ಳುತ್ತಿದ್ದರು. ಹಾಗಾದರೆ ಪ್ರೀತಿಯಿಂದ ತಿನ್ನಿಸುತ್ತಿಲ್ಲ. ಮತ್ತೆ ಯಾಕೆ? ಅದು ಸಾಯಲಿ ಎಂದೇ ಇರಬೇಕು ಎಂದು ಹೊಳೆದ ಉತ್ತರ ಅವಳಿಗೇ ಹಿಡಿಸಲಿಲ್ಲ. ಆದರೆ ಒಮ್ಮೆ ಹೊಳೆದದ್ದು ತಲೆಯಿಂದ ಇಳಿಯಲೂ ಇಲ್ಲ.

ಶುಕ್ರವಾರ ಮಧ್ಯಾಹ್ನ ಹೇಳದೆ ಕೇಳದೆ ಮನೆಗೆ ಬಂದಳು. ಮೆಟ್ಟಿಲಲ್ಲೇ ಚಪ್ಪಲಿ ಬಿಟ್ಟು, ಸದ್ದಾಗದಂತೆ ಬೀಗದಕೈ ತಿರುಗಿಸಿದಳು. ಅತ್ತೆ ಹಜಾರದಲ್ಲಿ, ಪಂಜರಕ್ಕೆ ಬೆನ್ನು ಹಾಕಿ ನಿಂತಿದ್ದರು. ಡಬ್ಬಿ ಕೆಳಗಿಳಿದು ಮೇಜಿನ ಮೇಲೆ ಕೂತಿತ್ತು. ಅವಳನ್ನು ಕಂಡದ್ದೇ ಬಲಗೈಯನ್ನು ಶಾಲಿನೊಳಗೆ ಎಳೆದುಕೊಂಡರು.

ಕೈಯಲ್ಲೇನು ಎಂದು ಕೇಳಿದಳು. ಏನಿಲ್ಲ ಎಂದರು. ಮತ್ತೆ ಕೇಳಿದಳು. ಅತ್ತೆ ಬೆರಳು ಬಿಚ್ಚಿದರು. ನಾಲ್ಕು ಒಣದ್ರಾಕ್ಷಿ.

"ಅದು ಆಸೆಯಿಂದ ನೋಡ್ತಿತ್ತು ಕಣಮ್ಮ," ಎಂದರು ಅತ್ತೆ, ಅವಳ ಕಡೆ ನೋಡದೆ. "ಒಂದೆರಡು ಕೊಟ್ಟೆ. ತಪ್ಪಾಯ್ತು ಅಂದ್ಕೋ."

ಗೆದ್ದ ಹಾಗಾಯಿತು ಅವಳಿಗೆ. ಡಬ್ಬಿಯನ್ನು ಒಯ್ದು ಬೀದಿಯ ಕಸದ ತೊಟ್ಟಿಗೆ ಸುರಿದು ಬಂದಳು. ಅದು ಸಾಲದೆಂದು ಪಂಜರದ ಬಾಗಿಲಿಗೆ ಸಣ್ಣ ಬೀಗ ಹಾಕಿ, ಬೀಗದಕೈಯನ್ನು ಚೀಲದಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋಗತೊಡಗಿದಳು. ಅತ್ತೆ ಆ ಬೀಗವನ್ನು ನೋಡಿದರು. ಕುರ್ಚಿಯನ್ನು ಇನ್ನಷ್ಟು ದೂರ, ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡರು.

ನಾಲ್ಕು ದಿನ ಬಿಟ್ಟು ತೂಗಿದಾಗ ಐನೂರ ಎರಡು. ಮತ್ತೆರಡು ದಿನಕ್ಕೆ ನಾನೂರ ತೊಂಬತ್ತು. ಹುಲ್ಲು ಇಟ್ಟಲ್ಲೇ ಇತ್ತು. ಪಂಜರದಲ್ಲಿ ಬೀಳುತ್ತಿದ್ದ ಹಿಕ್ಕೆಗಳು ಎಳ್ಳಿನಷ್ಟು ಸಣ್ಣಗಾಗಿದ್ದವು. ಎತ್ತಿಕೊಂಡರೆ ರೋಮದ ಕೆಳಗೆ ಬೆನ್ನುಮೂಳೆ ಬೆರಳಿಗೆ ತಾಗುತ್ತಿತ್ತು.

ಬೀಗ ಇದ್ದರೂ ಸರಳಿನ ಸಂದಿಯಿಂದ ಕೊಡಬಹುದಲ್ಲ ಎಂಬ ಯೋಚನೆ ಆಗ ಬಂತು. ಅತ್ತೆಯ ಹಾಸಿಗೆ ಎತ್ತಿ ನೋಡಿದಳು. ದಿಂಬಿನ ಕೆಳಗೆ, ಔಷಧಿ ಡಬ್ಬಿಯಲ್ಲಿ, ಹಳೆಯ ಕೈಚೀಲದಲ್ಲಿ ಹುಡುಕಿದಳು. ಏನೂ ಸಿಗಲಿಲ್ಲ, ಚೆನ್ನಾಗಿ ಬಚ್ಚಿಟ್ಟಿದ್ದಾರೆ ಅಂದುಕೊಂಡಳು. ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

ಅವಳಿಗೆ ನಾಚಿಕೆಯಾಗಬೇಕಿತ್ತು. ಬದಲಿಗೆ ಸಿಟ್ಟು ಬಂತು.

"ಎಲ್ಲಿಟ್ಟಿದ್ದೀರ ಅತ್ತೆ? ಅದು ಸತ್ತರೆ ನಿಮ್ಮ ಕೈಯಿಂದಲೇ ಸತ್ತ ಹಾಗೆ."

ಅತ್ತೆ ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತರು. ಚೆಲ್ಲಾಪಿಲ್ಲಿಯಾಗಿದ್ದ ಕೈಚೀಲದ ಸಾಮಾನನ್ನು ಒಂದೊಂದಾಗಿ ಮತ್ತೆ ಒಳಗೆ ತುಂಬಿದರು.

"ನಾನು ಅದಕ್ಕೆ ಒಂದು ಹಣ್ಣೂ ಕೊಟ್ಟಿಲ್ಲ," ಎಂದರು. "ಎಲ್ಲ ನಾನೇ ತಿಂದೆ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ.

"ನನ್ನ ಮಗ ನಾಲಿಗೆಗೆ ಬೀಗ ಹಾಕಿಟ್ಟಿದ್ದಾನೆ. ಒಂದು ವರ್ಷ ಆಯ್ತು ಸಿಹಿ ಅಂದ್ರೆ ಏನು ಅಂತ ಮರೆತು. ದಿನಕ್ಕೆ ಐದೋ ಆರೋ ಬಾಯಿಗೆ ಹಾಕ್ಕೊಳ್ತಿದ್ದೆ. ನೀನು ಹಿಡಿದಾಗ ಅದನ್ನ ಹೇಳೋದಕ್ಕೆ ಮುಖ ಇರಲಿಲ್ಲ. ಆ ಮೂಕಪ್ರಾಣಿ ಮೇಲೆ ಹಾಕ್ದೆ. ಅದೇನು ಬಂದು ಅಲ್ಲ ಅನ್ನುತ್ತಾ?"

ನಂಬಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಇದೂ ಒಂದು ಸುಳ್ಳಿದ್ದರೆ? ಅತ್ತೆಗೆ ಅದು ಮುಖದಲ್ಲೇ ಕಂಡಿರಬೇಕು. ಎದ್ದು ಹಜಾರಕ್ಕೆ ನಡೆದರು. ಪಂಜರ ತೆಗಿ, ಹುಲ್ಲು ಕೊಡು, ನಿನ್ನ ಕಣ್ಣೆದುರಿಗೇ ನಾನು ತಿನ್ನಿಸಿ ನೋಡುತ್ತೇನೆ ಎಂದರು.

ಅವಳು ಬಾಲ್ಕನಿಯಿಂದ ಹುಲ್ಲಿನ ಪೆಟ್ಟಿಗೆ ತಂದು ಮುಚ್ಚಳ ತೆಗೆದಳು. ಅತ್ತೆ ಕೆಮ್ಮಿಗೆ ಹೆದರಿ ಶಾಲನ್ನು ಮೂಗಿಗೆ ಒತ್ತಿಕೊಂಡೇ ಬಗ್ಗಿದವರು, ಒಂದು ಹಿಡಿ ತೆಗೆದು, ಶಾಲು ಸರಿಸಿ ಮೂಸಿದರು. ಮತ್ತೊಮ್ಮೆ ಮೂಸಿದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ದುಡಿದ ಹೆಂಗಸು. ಯಾವ ಹೊದಿಕೆ ಯಾವ ಔಷಧಿಯಲ್ಲಿ ನೆನೆದದ್ದೆಂದು ಕಣ್ಣು ಮುಚ್ಚಿ ಹೇಳಬಲ್ಲವರು.

"ಈ ಪೆಟ್ಟಿಗೇಲಿ ಮೊದಲು ಏನಿತ್ತು?"

ಉಣ್ಣೆ ಬಟ್ಟೆ ಇತ್ತು ಎಂದಳು ಅವಳು. ಹುಲ್ಲಿನ ಚೀಲದಿಂದ ಧೂಳು ಹಾರುತ್ತದೆ ಎಂದು ನೀವೇ ಗೊಣಗಿದಿರಿ, ಅದಕ್ಕೇ ಬಟ್ಟೆ ತೆಗೆದು, ಪೆಟ್ಟಿಗೆ ಒರೆಸಿ, ಹುಲ್ಲು ತುಂಬಿದೆ. ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ತುಂಬಿ ಆಗಲೇ ಮೂರು ವಾರ ಕಳೆದಿತ್ತು.

"ಉಣ್ಣೆ ಬಟ್ಟೆ ಮಧ್ಯೆ ಡಾಂಬರು ಗುಳಿಗೆ ಇಟ್ಟಿದ್ದೆ ತಾನೇ?" ಎಂದರು ಅತ್ತೆ. "ಇಡೀ ಹುಲ್ಲು ಅದೇ ನಾರ್ತಿದೆ. ಹೋದ ವರ್ಷ ಆ ಜ್ವರ ಬಂದಾಗಿನಿಂದ ನಿನಗೆ ವಾಸನೆ ಗೊತ್ತಾಗಲ್ಲ. ಹಾಲು ಕೆಟ್ಟಿದೆಯಾ ಅಂತಾನೂ ನನ್ನನ್ನೇ ಕೇಳ್ತೀಯ. ಇದನ್ನೂ ಕೇಳಬಾರದಿತ್ತಾ?"

ಅವಳು ಪೆಟ್ಟಿಗೆಯೊಳಕ್ಕೆ ಮುಖವಿಟ್ಟು ಎಳೆದೆಳೆದು ಉಸಿರು ತೆಗೆದುಕೊಂಡಳು. ಏನೂ ತಿಳಿಯಲಿಲ್ಲ. ತಳದವರೆಗೆ ಕೈ ಹಾಕಿ ತಡಕಿದಾಗ, ಮೂಲೆಯಲ್ಲಿ ಸವೆದು ಬಟಾಣಿಯಷ್ಟಾಗಿದ್ದ ಒಂದು ಬಿಳಿ ಗುಳಿಗೆ ಬೆರಳಿಗೆ ಸಿಕ್ಕಿತು.

ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಅದು ವಿಷ, ಒಂದೆಸಳೂ ಉಳಿಸಬೇಡಿ, ಪಂಜರ ತೊಳೆಯಿರಿ, ಪ್ರಾಣಿಯನ್ನು ಈಗಲೇ ಕರೆತನ್ನಿ ಎಂದರು ಅವರು. ಹೋದಾಗ ದೊರೆಗೆ ಒಂದು ಸೂಜಿಮದ್ದು ಕೊಟ್ಟು, ಹುಲ್ಲಿನ ಹಿಟ್ಟನ್ನು ನೀರಲ್ಲಿ ಕಲಸಿ ಪಿಚಕಾರಿಯಲ್ಲಿ ಬಾಯಿಗೆ ಬಿಡುವುದನ್ನು ತೋರಿಸಿಕೊಟ್ಟರು. ತಿನ್ನದಿದ್ದದ್ದೇ ಅದನ್ನು ಉಳಿಸಿತು ಎಂದರು. ಬದಲಾದದ್ದೇನೂ ಇಲ್ಲ ಅಂದಿದ್ದಿರಲ್ಲ ಎಂದು ಅವರು ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು ಅನಿಸಿತು ಅವಳಿಗೆ.

ಹೊಸ ಹುಲ್ಲನ್ನು ಅತ್ತೆಯೇ ಮೂಸಿ ಆರಿಸಿದರು. ಅಂಗಡಿಯವನು ತೋರಿಸಿದ ಮೊದಲೆರಡು ಚೀಲ ಮಣ್ಣುವಾಸನೆ ಎಂದು ಬೇಡವೆಂದರು, ಮೂರನೆಯದು ಹಸಿರಾಗಿತ್ತು. ಎರಡು ದಿನ ದೊರೆ ಅದನ್ನೂ ನಂಬಲಿಲ್ಲ. ಹತ್ತಿರ ಬರುವುದು, ಮೂಸುವುದು, ಹಿಂದೆ ಸರಿಯುವುದು. ಮೂರನೆಯ ದಿನ ಸಂಜೆ ಅತ್ತೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಪಂಜರದ ಮುಂದೆ ನೆಲದಲ್ಲಿ ಕೂತು ಒಂದೆಸಳು ಚಾಚಿ ಹಿಡಿದಿದ್ದರು. ಕಾಲು ಗಂಟೆ ಕೈ ಅಲುಗಾಡಿಸಲಿಲ್ಲ. ದೊರೆ ಬಂದು, ಎರಡೂ ಮುಂಗೈಯಲ್ಲಿ ಎಸಳನ್ನು ಹಿಡಿದು, ತುದಿಯಿಂದ ಕಡಿಯಲು ಶುರುಮಾಡಿತು. ಅದು ಅಗಿಯುವ ಕಟಕಟ ಸದ್ದನ್ನು ಇಬ್ಬರೂ ಉಸಿರು ಬಿಗಿಹಿಡಿದು ಕೇಳಿದರು.

ಮುಂದಿನ ವಾರ ಅತ್ತೆಯನ್ನು ರಕ್ತಪರೀಕ್ಷೆಗೆ ಕರೆದೊಯ್ದಳು. ಸಕ್ಕರೆ ಏರಿತ್ತು, ಡಾಕ್ಟರು ಒಂದು ಮಾತ್ರೆ ಹೆಚ್ಚಿಸಿದರು. ಮಗನಿಗೆ ಹೇಳಬೇಡ ಎಂದು ಅತ್ತೆ ದಾರಿಯಲ್ಲಿ ಬೇಡಿಕೊಂಡರು. ಅವಳು ಹೇಳುವುದಿಲ್ಲ ಎಂದಳು, ಆದರೆ ಮಾತ್ರೆ ತನ್ನೆದುರಿಗೇ ನುಂಗಬೇಕೆಂದಳು. ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಾಗ, ಎಷ್ಟೋ ದಿನದಿಂದ ಗಂಟಲಲ್ಲಿದ್ದದ್ದನ್ನು ಆಡಿದಳು.

"ನಿಮ್ಮ ಹಾಸಿಗೆ ಎತ್ತಿ ನೋಡಬಾರದಿತ್ತು ನಾನು. ಮೊದಲೇ ನೇರವಾಗಿ ಕೇಳಬೇಕಿತ್ತು."

"ಕೇಳಿದ್ರೂ ಸುಳ್ಳೇ ಹೇಳ್ತಿದ್ದೆ," ಎಂದರು ಅತ್ತೆ.

ಅವಳಿಗೆ ನಗು ಬಂತು. ಅತ್ತೆ ನಗಲಿಲ್ಲ. ಹಾಸಿಗೆ ಎತ್ತಿದ್ದು ಅವರಿಗೆ ಇನ್ನೂ ನೋಯುತ್ತಿತ್ತು. ಅದು ಮಾಯಲು ದಿನ ಹಿಡಿಯುತ್ತದೆಂದು ಅವಳಿಗೂ ಗೊತ್ತಾಯಿತು. ಬಸ್ಸು ಬಂದಾಗ ಅವಳು ಕೈ ಕೊಟ್ಟಳು. ಅತ್ತೆ ಒಂದು ಕ್ಷಣ ನೋಡಿ, ಅದನ್ನು ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು.