ಅಧ್ಯಕ್ಷರ ಮೇದೋಜೀರಕ

ಪಾನನಿಷೇಧ ಸಂಘದ ಅಧ್ಯಕ್ಷರಿಗೆ ಊಟವಾದೊಡನೆ ಹೊಟ್ಟೆಯ ಮೇಲ್ಭಾಗದಲ್ಲಿ ಹಿಡಿದ ನೋವು ಬೆನ್ನಿಗೆ ಇರಿಯುತ್ತಿತ್ತು. ಗ್ಯಾಸು, ಗ್ಯಾಸು ಎಂದು ವರ್ಷಗಟ್ಟಲೆ ತಳ್ಳಿದರು. ಮೈಯಿಳಿದು ಪ್ಯಾಂಟು ಬೆಲ್ಟಿಗೂ ನಿಲ್ಲದಾದಾಗ ಹೆಂಡತಿ ಆಸ್ಪತ್ರೆಗೆ ಎಳೆದುಕೊಂಡು ಹೋದರು.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಕೇಳಿದರು, "ದಿನಾ ಎಷ್ಟು ಕುಡೀತೀರಾ?"

"ನಮ್ಮನೆಯವರಾ?" ಹೆಂಡತಿ ಎದ್ದೇ ನಿಂತರು. "ಕೆಮ್ಮಿನ ಔಷಧೀನೂ ಮೂಸಿ ನೋಡಿ ಕುಡಿಯೋ ಆಸಾಮಿ ಡಾಕ್ಟ್ರೇ ಇವರು!"

"ಸಿಗರೇಟು?"

"ಅದನ್ನೇನು ಕೇಳ್ತೀರಿ ಬಿಡಿ," ಎಂದರು ಅಧ್ಯಕ್ಷರು ಧಾರಾಳವಾಗಿ. "ಕುಡಿತದ ವಿರುದ್ಧ ಭಾಷಣ ಬರೆಯೋವಾಗ ಬೇಕಲ್ಲ."

"ಅದೇ ಇರಬಹುದು. ಕುಡಿಯದೋರಿಗೂ ಬರತ್ತೆ ಇದು. ಮೇದೋಜೀರಕ ಗ್ರಂಥಿ ಊದಿ ಊದಿ ಗಟ್ಟಿಯಾಗಿದೆ. ಮೊದಲಿನ ಹಾಗಾಗಲ್ಲ, ಉಳಿದಿರೋದನ್ನ ಕಾಪಾಡ್ಕೋಬೇಕು. ತಿಂದದ್ದು ಅರಗಿಸೋ ರಸ ಸಾಲ್ತಿಲ್ಲ, ಅದಕ್ಕೆ ಊಟದ ಜೊತೆ ಈ ಮಾತ್ರೆ. ಸಿಗರೇಟು ಇವತ್ತಿಂದಲೇ ಬಂದ್."

ಹೆಂಡತಿ ತಮ್ಮ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೇ ತಡ, ಸುದ್ದಿ ಊರೆಲ್ಲ ಸುತ್ತಿತು. ಅದು ಕುಡುಕರ ಕಾಯಿಲೆ ಎಂಬುದೊಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರನ್ನು ಇಳಿಸಲು ಅವರದೇ ಬೂಟಿನಂಗಡಿಯ ಅಟ್ಟದ ಮೇಲೆ ಸಂಘದ ಸಭೆ ಸೇರಿತು. ಸಿಗರೇಟಿನ ಹೊಗೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

ಅಧ್ಯಕ್ಷರು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಪ್ಪಿಸಿದರು. "ಕುಡಿತ ಅಲ್ರಯ್ಯಾ, ಈ ದರಿದ್ರ ಸಿಗರೇಟು!"

ಖಜಾಂಚಿ ತಮ್ಮ ಬೆರಳ ಸಂದಿಯಲ್ಲಿ ಉರಿಯುತ್ತಿದ್ದುದನ್ನು ನೋಡಿಕೊಂಡರು. "ಅಂದ್ರೆ... ನಾವೂ ಬಿಡ್ಬೇಕಾ?"

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. "ಅಣ್ಣಾ, ನಮ್ಮ ಹತ್ರ ಏನು ನಾಚಿಕೆ? ಮನುಷ್ಯ ಅಂದ್ಮೇಲೆ ಒಂದೆರಡು ಗುಟುಕು ಹಾಕಿರ್ತಾನೆ. ಒಪ್ಕೊಂಡ್ಬಿಡಿ. ಕುಡಿದು ಬಿಟ್ಟ ಅಧ್ಯಕ್ಷ ಅಂದ್ರೆ ವೇದಿಕೆ ಮೇಲೆ ಅದರ ಕಳೇನೇ ಬೇರೆ! ಕುರ್ಚಿ ನಿಮ್ದೇ."

"ಜನ್ಮದಲ್ಲಿ ಮುಟ್ಟಿಲ್ಲ ಕಣೋ!"

"ಹಾಗಾದ್ರೆ ಕುರ್ಚಿ ಬಿಡಿ. ಸಿಗರೇಟು ಅಂತ ಮಾತ್ರ ಬಾಯಿ ಬಿಡ್ಬೇಡಿ, ಸಂಘದಲ್ಲಿ ಒಬ್ಬನೂ ಉಳಿಯಲ್ಲ."

ಅಧ್ಯಕ್ಷರು ಕುರ್ಚಿಯ ಕೈ ಸವರಿದರು. ಬಹಳ ಹೊತ್ತು ಸವರಿದರು.

"ಬ್ರಾಂದಿ ಗೀಂದಿ ಬೇಡ," ಎಂದರು ಕೊನೆಗೆ, ಸಣ್ಣ ದನಿಯಲ್ಲಿ. "ಬಿಯರ್ ಅಂತ ಹೇಳಿ. ಅದೂ ಮದುವೆಗೆ ಮುಂಚೆ."

ಚಪ್ಪಾಳೆಯೋ ಚಪ್ಪಾಳೆ. ಖಜಾಂಚಿ ಖುಷಿಯಿಂದ ಅವರ ತುಟಿಗೆ ಸಿಗರೇಟಿಟ್ಟು ಕಡ್ಡಿ ಗೀರಿದರು. ಹೊಟ್ಟೆಯೊಳಗೆ ಯಾರೋ ತಿರುಪು ಬಿಗಿದಂತಾಗಿ ಅಧ್ಯಕ್ಷರು ಮುಂದಕ್ಕೆ ಬಾಗಿದರು. ಬಾಗಿದ್ದೇ ಅನುಕೂಲವಾಯಿತು, ಬೆಂಕಿ ಒಂದೇ ಕಡ್ಡಿಗೆ ಹತ್ತಿತು.