ರಾಮಮ್ಮನ ಮಿಲ್ಲಿನ ಟೊಳ್ಳು ಶಾಫ್ಟು

ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ನನ್ನದೊಂದು ಸಣ್ಣ ಲೇತ್ ಶಾಪು. ಆನೇಕಲ್ ಹತ್ತಿರದ ಹಳ್ಳಿಯಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದ ರಾಮಮ್ಮನ ಶಾಫ್ಟು, ಅಂದರೆ ಕಲ್ಲು ತಿರುಗಿಸುವ ಉಕ್ಕಿನ ದಂಡ, ಮುರಿದಾಗ ಆ ಗಾತ್ರದ ಗಟ್ಟಿ ಸಲಾಕೆ ಎಲ್ಲೂ ಸಿಗಲಿಲ್ಲ. ಸುಮಾರು ಅಷ್ಟೇ ತೂಕದ, ಆದರೆ ಇನ್ನೂ ದಪ್ಪನೆಯ ಉಕ್ಕಿನ ಪೈಪು ಕಡೆದು ಕೊಟ್ಟೆ. ಗಂಡ ಸತ್ತ ಮೇಲೆ ಆಕೆಯ ಹೊಟ್ಟೆಪಾಡೆಲ್ಲ ಆ ಮಿಲ್ಲೇ.

"ಒಳಗೆಲ್ಲ ಟೊಳ್ಳು. ತಿರುಚ್ಕೊಳ್ಳಲ್ವಾ ಸ್ವಾಮಿ?" ಅಂದಳು.

"ಗಟ್ಟಿದಕ್ಕಿಂತ ಇದೇ ಜಾಸ್ತಿ ತಡೆಯುತ್ತೆ, ತಗೊಂಡ್ಹೋಗಿ" ಎಂದು ದಬಾಯಿಸಿದೆ.

ವಾರ ತುಂಬುವ ಮೊದಲೇ ಬಸ್ ಕಂಡಕ್ಟರ್ ಕೈಲಿ ಹೇಳಿ ಕಳಿಸಿದಳು. ಶಾಫ್ಟು ಕೂರಿಸಿದ ಗಳಿಗೆಯಿಂದ ಕುಣಿಯುತ್ತಿದೆಯಂತೆ, ಮಿಲ್ಲು ನಿಂತಿದೆಯಂತೆ. ಅದೇ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಸೊಣ್ಣಪ್ಪನೆಂಬ ರೈತ ರಾಗಿ ಮೂಟೆಗಳನ್ನು ಗಾಡಿಗೆ ಹೇರುತ್ತಿದ್ದ. "ಆನೇಕಲ್ ಮಿಲ್ಲಿಗೆ ಓಯ್ತೀನಿ ಸಾರ್. ಊರೋರೆಲ್ಲ ಅಲ್ಲಿಗೇ ಓಯ್ತಾವ್ರೆ" ಅಂದ. ರಾಮಮ್ಮನ ಮುಖ ಬಾಡಿತ್ತು.

ಶಾಫ್ಟು ಬಿಚ್ಚಿದೆ. ಎತ್ತಲಾರದಷ್ಟು ಭಾರ. ತುದಿಯಲ್ಲಿ ಇಣುಕಿದರೆ ಒಳಗೆ ಬೂದಿ ಬಣ್ಣ.

"ಏನಮ್ಮ ಇದು?"

ರಾಮಮ್ಮ ಸೆರಗಿನ ತುದಿ ತಿರುವುತ್ತಾ ನಿಂತಳು. "ಗಟ್ಟಿಯಾಗ್ಲಿ ಅಂತ, ಕೂರ್ಸೋಕೆ ಮುಂಚೆ ಸಿಮೆಂಟು ಉಯ್ದೆ. ಅರ್ಧಕ್ಕೇ ಮುಗ್ದೋಯ್ತು."

ನನಗೆ ಪಿತ್ತ ನೆತ್ತಿಗೇರಿತು. ಮಲಗಿಸಿಟ್ಟ ಪೈಪಿನಲ್ಲಿ ಸಿಮೆಂಟೆಲ್ಲ ಒಂದೇ ಮಗ್ಗುಲಿಗೆ ಕೂತು ಗಟ್ಟಿಯಾಗಿತ್ತು. ಕುಣಿಯದೆ ಇನ್ನೇನು ಮಾಡೀತು!

"ಬೀಸೋ ಕಲ್ಲಿನ ಹಿಡಿ ಎಲ್ಲಿರುತ್ತೆ? ಅಂಚಲ್ಲಿ ತಾನೆ? ನಡೂಮಧ್ಯ ಹಿಡ್ಕೊಂಡು ಬೀಸ್ತೀರಾ? ತಿರುಗೋ ವಸ್ತೂಗೆ ಅಂಚಲ್ಲೇ ಬಲ. ಗಟ್ಟಿ ಶಾಫ್ಟಲ್ಲಿ ನಡುವಿನ ಉಕ್ಕು ಬೀಗರ ಥರ ಸುಮ್ನೆ ಕೂತಿರುತ್ತೆ. ಅದನ್ನೇ ನಾನು ಅಂಚಿಗೆ ಹಚ್ಚಿ ಕೊಟ್ರೆ, ನೀವು ಹೊಸ ಬೀಗರನ್ನ ಕರೆಸಿದೀರಲ್ಲ!"

ಸೊಣ್ಣಪ್ಪ ಕಿಸಕ್ಕೆಂದ. ರಾಮಮ್ಮ ನಗಲಿಲ್ಲ.

ಕಬ್ಬಿಣದ ಸಲಾಕೆಯಿಂದ ಕುಟ್ಟಿ ಕುಟ್ಟಿ ಸಿಮೆಂಟು ಉದುರಿಸಿದೆ. ಪೈಪು ತೊಳೆದು ಮತ್ತೆ ಕೂರಿಸಿ ಬೆಲ್ಟು ಹಾಕಿದೆ. ಸ್ವಿಚ್ಚು ಒತ್ತಲು ಆಕೆಗೆ ಧೈರ್ಯವಿಲ್ಲ, ನಾನೇ ಒತ್ತಿದೆ.

ಶಾಫ್ಟು ಮೆಲ್ಲಗೆ ಗುಂಯ್ ಎಂದು ತಿರುಗಿತು. ಸೊಣ್ಣಪ್ಪನ ರಾಗಿ ಸುರಿದಾಗ ಕಲ್ಲಿಗೆ ಭಾರ ಬಿತ್ತು. ಶಾಫ್ಟಿನ ಮೇಲೇ ಕಣ್ಣಿಟ್ಟು ನಿಂತೆ. ತಿರುಚಲಿಲ್ಲ, ನಡುಗಲೂ ಇಲ್ಲ. ಬಿಸಿ ಬಿಸಿ ಹಿಟ್ಟು ಡಬ್ಬಕ್ಕೆ ಬಿತ್ತು. ಸೊಣ್ಣಪ್ಪ ಗಾಡಿಯಿಂದ ಉಳಿದ ಮೂಟೆಗಳನ್ನು ಇಳಿಸತೊಡಗಿದ.

ರಾಮಮ್ಮ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ನಾನೂ ಪಕ್ಕದಲ್ಲೇ ಕೂತು ಕಣ್ಣೊರೆಸಿಕೊಂಡೆ.

"ನಿಮಗ್ಯಾಕಪ್ಪ ಕಣ್ಣೀರು?"

"ಪುಸ್ತಕದ ಲೆಕ್ಕ ಗೊತ್ತಿತ್ತು ಅಷ್ಟೇ ಕಣಮ್ಮ. ಟೊಳ್ಳು ಶಾಫ್ಟು ತಿರುಗೋದನ್ನ ನಾನೂ ನೋಡ್ತಿರೋದು ಇವತ್ತೇ."

ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಆಮೇಲೆ ಹಿಟ್ಟಿನ ಕೈಯಲ್ಲೇ ನನ್ನ ಬೆನ್ನಿಗೊಂದು ಗುದ್ದಿ, ಅಳುತ್ತಲೇ ನಗತೊಡಗಿದಳು.