ದೊಡ್ಡಪ್ಪನ ಚರಿತ್ರೆಯೊಳಗೆ ಹೊಕ್ಕ ಕತ್ತೆ

ಈ ಭೂಮಂಡಲದಲ್ಲಿ ಪುಸ್ತಕಕ್ಕೆ ಸರಿಯಾಗಿ ಹೊಲಿಗೆ ಹಾಕಬಲ್ಲವರು ಇಬ್ಬರೇ: ಒಬ್ಬ ನಾನು, ಇನ್ನೊಂದು ನಾನು ಊಟ ಮಾಡುವಾಗ ಬಿಡುವಾಗಿರುವ ನನ್ನ ಎಡಗೈ. ನಾನು ಹೊಲಿದ ನಿಘಂಟೊಂದು ಒಮ್ಮೆ ಮಹಡಿಯಿಂದ ಕೆಳಗೆ ಬಿತ್ತು. ರಸ್ತೆ ಬಿರುಕು ಬಿಟ್ಟಿತೇ ಹೊರತು ಒಂದು ಹಾಳೆ ಕಿತ್ತು ಬರಲಿಲ್ಲ. ನಂಬದವರು ಹೋಗಿ ರಸ್ತೆ ನೋಡಬಹುದು.

ಇಂಥ ನನ್ನ ಅಂಗಡಿಗೆ ದೊಡ್ಡಮ್ಮ ಬಂದಳು. ಬೀಗ ರಿಪೇರಿ ಮಾಡುತ್ತಿದ್ದ ದೊಡ್ಡಪ್ಪ ತೀರಿಕೊಂಡು ವರ್ಷವಾಗುತ್ತಿತ್ತು. ಅವಳ ಮಗ, ನಮ್ಮ ಮೇಷ್ಟ್ರಣ್ಣ, ಅಪ್ಪನ ಜೀವನಚರಿತ್ರೆ ಬರೆದು ಅಚ್ಚು ಹಾಕಿಸಿದ್ದ. ನೆನಪಿನ ಸಭೆಯಲ್ಲಿ ಅದನ್ನು ದೊಡ್ಡಮ್ಮನೇ ಓದಬೇಕಿತ್ತು. “ನನ್ನ ಬಗ್ಗೆ ಯಾರಾದ್ರೂ ಮಾತಾಡೋದಾದ್ರೆ ನೀನೇ ಮಾತಾಡು. ಉಳಿದವರೆಲ್ಲ ಸುಳ್ಳು ಹೇಳ್ತಾರೆ” ಎಂದು ದೊಡ್ಡಪ್ಪ ಅವಳಿಂದ ಮಾತು ತೆಗೆದುಕೊಂಡಿದ್ದ.

“ಏ ಬಡಾಯಿ, ಆಸ್ಪತ್ರೇಲಿ ಅವರ ಕೊನೇ ಬೆಳಿಗ್ಗೆ ಬರೆದಿರೋ ಪುಟ ಬರೋವರೆಗೂ ಓದ್ಬಿಡ್ತೀನಿ ಕಣೋ. ಅಲ್ಲಿಗೆ ಬಂದ ಕೂಡಲೇ ಗಂಟಲು ಕಟ್ಟುತ್ತೆ. ಎಲ್ಲರ ಮುಂದೆ ಹೋ ಅಂತ ಅತ್ಬಿಟ್ರೆ ಅವರಿಗೆ ಕೊಟ್ಟ ಮಾತು ಏನಾಗ್ಬೇಕು?”

“ನನ್ನ ಹೊಲಿಗೆ ಬಿದ್ದ ಪುಸ್ತಕಾನ ಇವತ್ತಿನವರೆಗೂ ಯಾರೂ ಅರ್ಧಕ್ಕೆ ಬಿಟ್ಟಿಲ್ಲ ದೊಡ್ಡಮ್ಮ.”

“ಹೊಲಿಗೆ ನೋಡ್ಕೊಂಡು ಯಾರು ಓದ್ತಾರೋ? ಸುಮ್ನೆ ಕೆಲಸ ಮಾಡು.”

ಅಚ್ಚಾದ ಹಾಳೆಗಳನ್ನು ಮಡಚಿ ಕಟ್ಟುಕಟ್ಟಾಗಿ ಜೋಡಿಸಿ ಹೊಲಿಯುವುದು ನಮ್ಮ ಕಸುಬು. ಪ್ರತಿ ಕಟ್ಟಿನ ಬೆನ್ನಿಗೂ ಒಂದೊಂದು ಕಪ್ಪು ಗುರುತಿರುತ್ತದೆ. ಗುರುತುಗಳು ಮೆಟ್ಟಿಲಿನಂತೆ ಇಳಿದರೆ ಪುಟಗಳು ಸರಿ ಎಂದರ್ಥ. ಆ ದಿನ ಮೇಜಿನ ಮೇಲೆ ಕತ್ತೆ ಸಾಕುವವರ ಸಂಘದ ಕೈಪಿಡಿಯೂ ಇತ್ತು. ಅದೇ ಅಳತೆ, ಅದೇ ಕಾಗದ, ಎರಡನೇ ಕಟ್ಟಿನ ಗುರುತೂ ಅದೇ ಜಾಗದಲ್ಲಿ. ನಾನು ಬೆನ್ನು ನೋಡಿದೆ, ಮೆಟ್ಟಿಲು ಚೆಂದವಾಗಿ ಇಳಿದಿತ್ತು, ಹೊಲಿದುಬಿಟ್ಟೆ. ಹೊಲಿಯುವವನು ಓದುತ್ತಾ ಕೂತರೆ ಹೊಲಿಯುವುದು ಯಾವಾಗ?

ಸಭೆಗೆ ಅರ್ಧ ಜಗತ್ತು ಬಂದಿತ್ತು. ಉಳಿದರ್ಧಕ್ಕೆ ಕುರ್ಚಿ ಸಾಲಲಿಲ್ಲ. ದೊಡ್ಡಮ್ಮ ಗಂಡನನ್ನು ಸಹನೆಯ ಪರ್ವತ, ಸತ್ಯದ ಸಾಗರ ಎಂದೆಲ್ಲ ಓದುತ್ತಾ ಹೋದಳು. ಆಸ್ಪತ್ರೆಯ ಪುಟ ಹತ್ತಿರ ಬಂತು. ಒಂದು ಗುಟುಕು ನೀರು ಕುಡಿದು ಮುಂದುವರಿಸಿದಳು.

“ಅಂದು ಬೆಳಿಗ್ಗೆ ನಮ್ಮ ತಂದೆಯವರು ಮೆಲ್ಲನೆ ಕಣ್ಣು ತೆರೆದು...” ಪುಟ ತಿರುವಿದಳು. “...ಹಿಂಗಾಲು ಝಾಡಿಸಿದರೆ ಹೆದರಬಾರದು. ಕಿವಿಯ ಹಿಂದೆ ಕೆರೆಯಿರಿ. ಮಣ್ಣಿನಲ್ಲಿ ಹೊರಳಾಡಲು ಬಿಟ್ಟರೆ ಶಾಂತವಾಗುತ್ತದೆ.”

ಸಭೆಯಲ್ಲಿ ಸೊಳ್ಳೆಯೂ ರೆಕ್ಕೆ ಮಡಚಿ ಕೂತಿತು. ಮೇಷ್ಟ್ರಣ್ಣ ನನ್ನತ್ತ ನೋಡಿದ ನೋಟಕ್ಕೆ ನನ್ನ ಅಂಗಿಯ ಗುಂಡಿಗಳು ಕರಗಿದವು.

“ನಮ್ಮಪ್ಪನ ಕೊನೆ ಗಳಿಗೆ ಎಲ್ಲೋ?” ಎಂದು ಹಲ್ಲು ಕಡಿದ.

“ಕತ್ತೆ ಸಂಘದಲ್ಲಿದೆ ಅಣ್ಣಾ. ಇಷ್ಟು ಹೊತ್ತಿಗೆ ಅಲ್ಲಿ ಎಲ್ಲರೂ ಅಳ್ತಿರ್ತಾರೆ.”

ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಮುಂದಿನ ಸಾಲಿಗೆ ಹೋದಳು. “ಹಟ ಹಿಡಿದು ನಿಂತರೆ ಎಳೆಯಬೇಡಿ. ನೀವು ಮುಂದೆ ನಡೆಯಿರಿ, ತಾನೇ ಹಿಂದೆ ಬರುತ್ತದೆ.” ತಲೆಯೆತ್ತಿ, “ಇದು ಮಾತ್ರ ಅಪ್ಪಟ ನಿಜ. ಇಷ್ಟು ವರ್ಷ ನಾನು ಮಾಡಿದ್ದೂ ಇದನ್ನೇ” ಎಂದಳು.

ಆಗ ಎದ್ದ ನಗುವಿಗೆ ಛಾವಣಿ ಒಂದು ಗೇಣು ಮೇಲೆದ್ದು, ಮತ್ತೆ ಬಂದು ಸರಿಯಾಗಿ ಕೂತಿತು. ದೊಡ್ಡಮ್ಮನೂ ನಕ್ಕಳು, ಹೊಟ್ಟೆ ಹಿಡಿದುಕೊಂಡು. ಆಮೇಲೆ ಪುಸ್ತಕ ಮುಚ್ಚಿಟ್ಟಳು.

“ಆ ಬೆಳಿಗ್ಗೆ ಏನಾಯ್ತು ಗೊತ್ತಾ? ನರ್ಸಮ್ಮ ಔಷಧಿ ಬೀರು ಕೀಲಿ ಕಳ್ಕೊಂಡು ಪೇಚಾಡ್ತಿದ್ಲು. ಇವರು ಮಲಗಿದ್ದಲ್ಲಿಂದಲೇ, ‘ನಿನ್ನ ತಲೆ ಪಿನ್ನು ಕೊಡೇ’ ಅಂದ್ರು. ಮಂಚದ ಸಮೇತ ಬೀರು ಹತ್ರ ತಳ್ಳಿಸ್ಕೊಂಡು ಟಕ್ ಅಂತ ತೆಗೆದ್ರು. ‘ಇಂಥ ಬೀಗ ನಂಬ್ಕೊಂಡು ನಾನು ಇಲ್ಲಿ ಸೇರಿದ್ನಲ್ಲಾ!’ ಅಂತ ನರ್ಸಮ್ಮನಿಗೇ ಬೈದ್ರು. ನಕ್ಕರು. ಪಿನ್ನು ಕೈಲಿ ಹಿಡ್ಕೊಂಡೇ ನಿದ್ದೆ ಹೋದ್ರು. ಮತ್ತೆ ಏಳಲಿಲ್ಲ.”

ಗಂಟಲು ಕಟ್ಟಲಿಲ್ಲ. ಕೊನೆಯ ಮಾತಿನವರೆಗೂ ನೆಟ್ಟಗೆ ಹೇಳಿ ಮುಗಿಸಿದಳು.

ಮೇಷ್ಟ್ರಣ್ಣ ಬೆರಗಾಗಿ ಕೇಳಿದ: “ಅಮ್ಮಾ, ಇದನ್ನ ನನಗ್ಯಾಕೆ ಹೇಳಲಿಲ್ಲ?”

“ನೀನು ಅಳ್ತಾ ಅಳ್ತಾ ಕೇಳ್ದೆ ಕಣೋ. ಅಳೋನಿಗೆ ಯಾರು ಇಂಥದ್ದೆಲ್ಲ ಹೇಳ್ತಾರೆ?”

ಅವನು ಜೇಬಿನಿಂದ ಪೆನ್ನು ತೆಗೆದು ಅವಳ ಪಕ್ಕ ಕೂತ. “ಸರಿ, ಈಗ ನನಗೊಬ್ಬನಿಗೇ ಮೆಲ್ಲಗೆ ಹೇಳು, ಬರ್ಕೋತೀನಿ.”

“ಮೆಲ್ಲಗೆ ಯಾಕೋ? ಹಿಂದೆ ನಿಂತವರಿಗೆ ಸರಿಯಾಗಿ ಕೇಳಿಸಿರಲ್ಲ” ಎಂದು ದೊಡ್ಡಮ್ಮ ಸೆರಗು ಸರಿಮಾಡಿಕೊಂಡು, ಇನ್ನೂ ಗಟ್ಟಿ ದನಿಯಲ್ಲಿ, ನರ್ಸಮ್ಮನಿಂದ ಮತ್ತೆ ಶುರು ಮಾಡಿದಳು.